ಟೀಚರಮ್ಮನ ಎಡಗೈ

ಬೀದಿಗೆಲ್ಲ ಅವರು ಕುಣಿತದ ಟೀಚರಮ್ಮ. ಹೆಜ್ಜೆ ತಪ್ಪಿದವರನ್ನು ಬೈಯುತ್ತಿರಲಿಲ್ಲ, "ತಲೇನ ಚಪ್ಪಲಿ ಜೊತೆ ಹೊರಗೆ ಬಿಟ್ಟು ಬಾರೇ, ಕಾಲಿಗೆ ಎಲ್ಲ ಗೊತ್ತಿರುತ್ತೆ" ಎನ್ನುತ್ತಿದ್ದರು. ಹಾಲು ಕಾಯಿಸುವಾಗಲೂ ಹಿಮ್ಮಡಿ ತಾಳ ಹಾಕುತ್ತಿತ್ತು. ಸಾವಿನ ಮನೆಯಲ್ಲಿ ಕಣ್ಣೊರೆಸಿಕೊಂಡರೂ ಬೆರಳು ಮುದ್ರೆ ಹಿಡಿದಿರುತ್ತಿತ್ತು. ಈ ಕುಣಿತ ಕಲಿತು ಬರುವುದಲ್ಲ, ಹಳಬರ ಮೈಯಿಂದ ನಮ್ಮ ಮೈಗೆ ಇಳಿದು ಬರುವುದು ಎಂದು ಅವರು ಹೇಳಿದರೆ, ಜೊತೆಗೇ ವಾಸವಿದ್ದ ಅವರ ಅಕ್ಕ "ಶುರುವಾಯ್ತು ಪುರಾಣ" ಎಂದು ನಗುತ್ತಿದ್ದರು. ಲಕ್ವ ಹೊಡೆದು ಎಡಗೈ ಕೊರಡಾದ ಮೇಲೂ ಟೀಚರಮ್ಮ ಪಾಠ ನಿಲ್ಲಿಸಲಿಲ್ಲ. ಒಂದು ಮಧ್ಯಾಹ್ನ ಮೃದಂಗ ನುಡಿಯುತ್ತಿದ್ದಂತೆ ಆ ಸತ್ತ ಕೈ ತಾನಾಗಿಯೇ ಮೇಲೆದ್ದಿತು. ಕಿರುಬೆರಳು ಮಡಚಿ, ಮಣಿಕಟ್ಟು ಮೆಲ್ಲಗೆ ತಿರುಗಿಸಿ, ಯಾರನ್ನೋ ಹತ್ತಿರ ಕರೆಯಿತು. ಅಂಥ ಮುದ್ರೆಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಬಾಗಿಲಲ್ಲಿದ್ದ ಅಕ್ಕನ ಕೈಯಿಂದ ಲೋಟ ಜಾರಿತು. "ಅಮ್ಮ ನನ್ನನ್ನ ಹೀಗೇ ಕರೀತಿದ್ಲು ಕಣೇ. ನೀನು ಹುಟ್ಟಿದ ದಿನಾನೇ ಅವಳು ಹೋಗಿಬಿಟ್ಲಲ್ಲ, ನಿಂಗೆ ಹ್ಯಾಗೆ ಗೊತ್ತಾಯ್ತು?" ಟೀಚರಮ್ಮ ಬಲಗೈಯಿಂದ ಆ ಎಡಗೈಯನ್ನು ಕೆಳಗಿಳಿಸಲು ನೋಡಿದರು; ಬಗ್ಗಲಿಲ್ಲ. ಕೈ ಮತ್ತೊಮ್ಮೆ ಕರೆಯಿತು. ಎಪ್ಪತ್ತು ದಾಟಿದ ಅಕ್ಕ ಎಳೆಯ ಹುಡುಗಿಯ ದನಿಯಲ್ಲಿ "ಬಂದೆ ಅಮ್ಮಾ" ಎನ್ನುತ್ತ ಹೊಸ್ತಿಲು ದಾಟಿದರು.