ಸಿನಿಮಾದಲ್ಲಿ ಇಲ್ಲದ ಮಾತು

ಆ ಇಂಗ್ಲಿಷ್ ಸಿನಿಮಾಕ್ಕೆ ಮೈಕ್ ಹಿಡಿದು ಕನ್ನಡ ಹೇಳಿದವಳು ನಾನು. ಎಪ್ಪತ್ತರ ದಶಕದ ಕೊನೆ. ಬಿ.ಎಸ್ಸಿ. ಮುಗಿಸಿ, ಶೆಟ್ಟಿಹಳ್ಳಿ ಕಡೆ ನಾನೇ ಓದಿದ್ದ ಹೈಸ್ಕೂಲಿನಲ್ಲಿ ಹಂಗಾಮಿಯಾಗಿ, ಖಾಲಿ ಇದ್ದ ಗಣಿತ ಹೇಳಿಕೊಡುತ್ತಿದ್ದೆ. ಒಂದು ದಿನ ವ್ಯಾನಿನಲ್ಲಿ ಪ್ರೊಜೆಕ್ಟರ್ ಹೇರಿಕೊಂಡು ಇಬ್ಬರು ಬಂದರು. ವಿಜ್ಞಾನದ ಸಾಕ್ಷ್ಯಚಿತ್ರ ಇದೆ, ತೋರಿಸುತ್ತೇವೆ ಎಂದರು. ಹೆಡ್‌ಮಾಸ್ಟರು ಒಪ್ಪಿ, ಊರವರನ್ನೂ ಕರೆದರು. ಶನಿವಾರ ಮಧ್ಯಾಹ್ನ ಸಭಾಂಗಣದ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದೆವು. "ನಿಮ್ ಇಂಗ್ಲಿಷ್ ಚೆನ್ನಾಗಿದೆ, ನೀವೇ ಹೇಳ್ಬಿಡಿ ಅಮ್ಮ" ಎಂದು ಹೆಡ್‌ಮಾಸ್ಟರು ನನ್ನ ಕೈಗೆ ಮೈಕ್ ಕೊಟ್ಟರು.

ಸಿನಿಮಾ ಚೆನ್ನಾಗಿತ್ತು. ಇದನ್ನು ಒಪ್ಪಿಕೊಳ್ಳದೆ ಮುಂದಿನದನ್ನು ಹೇಳಲಾರೆ. ಗೋಡೆಯಗಲ ಜೇನುನೊಣದ ಕಣ್ಣು, ಹಕ್ಕಿಯ ಗರಿಯೊಳಗಿನ ಸಣ್ಣ ಸಣ್ಣ ಕೊಕ್ಕೆ, ನೋಡನೋಡುತ್ತ ಅರಳುವ ಹೂವು. ಇಷ್ಟು ಅಚ್ಚುಕಟ್ಟಾದದ್ದು ತನ್ನಷ್ಟಕ್ಕೆ ತಾನೇ ಆಗಿರಲು ಸಾಧ್ಯವೇ ಎಂದು ಕೋಟು ಹಾಕಿದ ಬಿಳಿಯನೊಬ್ಬ ಮೆಲ್ಲಗೆ ಕೇಳುತ್ತಿದ್ದ. ಜೀವಿಗಳು ಬದಲಾಗುತ್ತ ಬಂದವು ಅನ್ನುವುದು ಬರೀ ಊಹೆ, ಎಲ್ಲವನ್ನೂ ಸೃಷ್ಟಿಕರ್ತ ಈಗಿರುವ ಹಾಗೇ ಮಾಡಿಟ್ಟ ಎಂಬುದು ಅದರ ಸಾರ. ಪ್ರಾಣಿಶಾಸ್ತ್ರ ಓದಿದ್ದ ನನಗೆ ಅದು ತಪ್ಪೆಂದು ಗೊತ್ತಿತ್ತು. ಆದರೂ ಮೈಕ್‌ನಲ್ಲಿ ನನ್ನದೇ ದನಿ ಕೇಳುವುದು ಹಿತವಾಗಿತ್ತು.

ಪರದೆಯ ಮೇಲೆ ಮಂಗ ಬಂದಾಗ ಹಿಂದಿನ ಸಾಲಿನಿಂದ ಒಬ್ಬ, "ನಿಮ್ಮಾವ ಕಣೋ ಮಗಾ, ಯಾವಾಗ ಬಂದ?" ಅಂದ. "ಉಡ್ಗಿ ತೋರ್ಸಕ್ ಬಂದವ್ನೆ, ನಿಂಗೇಯ" ಅಂದ ಇನ್ನೊಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಆ ಕೋಟಿನವನು ತಲೆಬುರುಡೆಗಳನ್ನು ಸಾಲಾಗಿ ಇಟ್ಟುಕೊಂಡು ಮಾತಾಡತೊಡಗಿದ. ನಾಲಿಗೆಗೆ ಬಾರದ ಹೆಸರುಗಳು, ಓಡುವ ಮಾತು. ನಾನು ಹಿಂದೆ ಬಿದ್ದೆ. ಜನ ಆಕಳಿಸಿದರು, ಕೆಲವರು ಎದ್ದರು. ಅವರನ್ನು ಕೂರಿಸಲು ಏನಾದರೂ ಹೇಳಬೇಕಿತ್ತು. "ನಿಮ್ಮ ಮಕ್ಕಳಿಗೆ ಶಾಲೆಯಲ್ಲಿ ಏನು ಕಲಿಸ್ತಾರೆ ಗೊತ್ತಾ? ನಿಮ್ಮ ತಾತ, ಮುತ್ತಾತ ಎಲ್ಲ ಕೋತಿಗಳು ಅಂತ" ಎಂದೆ.

ಅದು ಸಿನಿಮಾದಲ್ಲಿ ಇರಲಿಲ್ಲ. ಎದ್ದವರು ಕೂತರು. ನಾನು ಗೆದ್ದೆ ಅಂದುಕೊಂಡೆ.

ಪಕ್ಕದ ಗೋಡೆಗೆ ಒರಗಿ ನಿಂತಿದ್ದವರು ನಮ್ಮ ವಿಜ್ಞಾನದ ಮೇಷ್ಟ್ರು. ಧಾರವಾಡದ ಕಡೆಯವರು, ಒಬ್ಬಂಟಿ, ನನಗೂ ಪಾಠ ಹೇಳಿದವರು. ಜೀವವಿಕಾಸದ ಪಾಠಕ್ಕೆ ಬೋರ್ಡಿನ ಮೇಲೆ ಒಂದು ಮರ ಬರೆಯುತ್ತಿದ್ದರು. ಮಂಗ ಒಂದು ಕೊಂಬೆ, ನಾವು ಇನ್ನೊಂದು ಕೊಂಬೆ, ಬೊಡ್ಡೆ ಮಾತ್ರ ಒಂದೇ. ಕೋತಿ ನಿಮ್ಮ ತಾತ ಎಂದು ಅವರು ಎಂದೂ ಹೇಳಿದವರಲ್ಲ. ಇಂಗ್ಲಿಷ್ ಅವರಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು.

ಮಾರನೆಯ ದಿನ ಮಹಾಲಯ ಅಮಾವಾಸ್ಯೆ. ಅದು ನನ್ನ ತಲೆಗೇ ಬಂದಿರಲಿಲ್ಲ. ಆ ಭಾನುವಾರ ಊರಿನ ಪ್ರತಿ ಮನೆಯಲ್ಲೂ ತೀರಿಕೊಂಡ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಎಲೆ ತುಂಬ ಎಡೆ ಬಡಿಸಿ, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ಕಾಯುತ್ತಾರೆ. ಕಾಯುತ್ತ ಕೂತವರು ನನ್ನ ಮಾತನ್ನೇ ಆಡಿಕೊಂಡಿರಬೇಕು.

ಸೋಮವಾರ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಗೇಟಿನೊಳಗೆ ಮೂವತ್ತು ನಲವತ್ತು ಜನ. ಮುಂದೆ ಒಬ್ಬ ಮುದುಕರು, ಕೈಯಲ್ಲಿ ಹೊಸ ಪಂಚೆ. ಮೇಷ್ಟ್ರು ಮೆಟ್ಟಿಲಿಳಿದು ಹೋದರು. ನಾನು ಸ್ಟಾಫ್ ರೂಮಿನಲ್ಲಿದ್ದೆ.

"ನೆನ್ನೆ ನಮ್ಮಪ್ಪನ್ಗೆ ಇಕ್ಕಿದ್ ಪಂಚೆ ಇದು," ಅಂದರು ಮುದುಕರು. "ತಗಳಿ ಮೇಷ್ಟ್ರೇ. ನಿಮ್ ಕೋತಿಗೆ ಉಡ್ಸಿ."

"ನಾ ಹಂಗ ಹೇಳಿಲ್ರೀ ಯಜಮಾನ್ರ."

"ಪಿಚ್ಚರ್‌ನಾಗೇ ಏಳವ್ರೆ. ಊರೆಲ್ಲ ಕೇಳೈತೆ. ಸುಳ್ಳಾ ಅದು?"

ಮೇಷ್ಟ್ರು ಒಮ್ಮೆ ತಿರುಗಿ ಸ್ಟಾಫ್ ರೂಮಿನ ಕಿಟಕಿಯತ್ತ ನೋಡಿದರು. ಕಂಬಿಯ ಹಿಂದೆ ನಾನು. ಅದು ಸಿನಿಮಾದ ಮಾತಲ್ಲ, ಆ ಹುಡುಗಿ ಸೇರಿಸಿದ್ದು ಎಂದು ಅವರು ಹೇಳಿದ್ದರೆ ಸಾಕಿತ್ತು. ಅವರು ಕಣ್ಣು ಕೆಳಗೆ ಮಾಡಿ, "ನಿಮಗ ನೋವಾಗಿದ್ರ ತಪ್ಪಾತ್ರೀ" ಎಂದರು.

ಜನಕ್ಕೆ ಅದು ತಪ್ಪೊಪ್ಪಿಗೆಯಾಗಿ ಕೇಳಿಸಿತು. ಹಿಂದಿನಿಂದ ಗುದ್ದಲಿಯ ಕಾವೊಂದು ಬೀಸಿ ಬಂದು ಮೇಷ್ಟ್ರ ಎಡಗಿವಿಗೆ ಬಿತ್ತು. ಕುಸಿದವರ ಮೇಲೆ ಕಾಲುಗಳು. ನಾನು ಬಾಗಿಲಿಗೆ ಓಡಿದೆ. ತೆಗೆಯಲಿಲ್ಲ, ಚಿಲಕ ಹಾಕಿಕೊಂಡೆ. ಇವತ್ತಿಗೂ ಎಲ್ಲಾದರೂ ಚಿಲಕದ ಸದ್ದಾದರೆ, ಮತ್ತೆ ಅದೇ ಬಾಗಿಲ ಮುಂದೆ ನಿಂತಿರುತ್ತೇನೆ, ಮತ್ತೆ ಅದನ್ನೇ ಮಾಡುತ್ತೇನೆ. ಕೊನೆಗೆ ಮೇಷ್ಟ್ರನ್ನು ಉಳಿಸಲು ಅಡ್ಡ ಬಂದವರು ಆ ಮುದುಕರೇ. "ಬುಡ್ರೋ, ಸತ್ತೋಯ್ತಾರೆ" ಎಂದು ಕೂಗುತ್ತ, ಅದೇ ಹೊಸ ಪಂಚೆಯನ್ನು ಮೇಷ್ಟ್ರ ಕಿವಿಗೆ ಒತ್ತಿ ಹಿಡಿದರು.

ಮೇಷ್ಟ್ರು ಮತ್ತೆ ಶಾಲೆಗೆ ಬರಲಿಲ್ಲ. ವಿಜ್ಞಾನದ ತರಗತಿ ನನಗೆ ಬಂತು. "ಆ ಪಾಠ ಒಂದ್ ಬಿಟ್ಬಿಡಿ ಅಮ್ಮ" ಎಂದರು ಹೆಡ್‌ಮಾಸ್ಟರು. ಬಿಟ್ಟೆ. ಮುಂದಿನ ವರ್ಷವೂ ಬಿಟ್ಟೆ. ಅಷ್ಟರಲ್ಲಿ ಮಕ್ಕಳ ಪುಸ್ತಕದಲ್ಲಿ ಆ ಪುಟಗಳು ತೆರೆಯದ ಹಾಗೆ ಗುಂಡುಪಿನ್ನು ಚುಚ್ಚಿರುತ್ತಿತ್ತು. ಮನೆಯ ದೊಡ್ಡವರು ಚುಚ್ಚಿ ಕಳಿಸುತ್ತಿದ್ದರು. ವ್ಯಾನು ಹೋಗದ ಅಕ್ಕಪಕ್ಕದ ಊರುಗಳಲ್ಲೂ ಅದೇ ಮಾತು: ಪಿಚ್ಚರ್‌ನಾಗೇ ಏಳವ್ರೆ.

ಎರಡು ವರ್ಷದ ಮೇಲೆ ಗಂಗಾನಗರದಲ್ಲಿ ಅವರ ಬಾಡಿಗೆ ಕೋಣೆ ಹುಡುಕಿಕೊಂಡು ಹೋದೆ. ತಪ್ಪು ನನ್ನದು ಎಂದು ಹೇಳಲೆಂದೇ ಹೋಗಿದ್ದೆ. ಅವರು ಚಹಾ ಮಾಡಿಕೊಟ್ಟು, ಬಲಗಿವಿಯನ್ನು ನನ್ನತ್ತ ತಿರುಗಿಸಿ ಕೂತರು.

"ಆ ಪಾಠ ಮಾಡ್ತೀಯೇನವಾ?"

"ಮಾಡ್ತೀನಿ ಸರ್."

ಅವರ ಮುಖ ಅರಳಿತು. ಅದನ್ನು ನೋಡಿದ ಮೇಲೆ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ಹುಡುಗ್ರು ಏನರ ಕೇಳ್ತಾವೇನು?"

ಆಗಲೂ ಏನಾದರೂ ಹೇಳಬೇಕಿತ್ತು. "ಒಬ್ಳು ಕೇಳಿದ್ಲು ಸರ್. ಹಂಗಾದ್ರೆ ಹಿರಿಯರಿಗೆ ಎಡೆ ಇಡ್ಬೇಕಾ ಬೇಡ್ವಾ ಅಂತ."

"ಛಲೋ ಪ್ರಶ್ನಿ," ಎಂದರು. "ವಿಚಾರ ಮಾಡಿ ಹೇಳ್ತೀನಿ."

ವಾರದ ಮೇಲೆ ಇನ್‌ಲ್ಯಾಂಡ್ ಪತ್ರ ಬಂತು. "ಆ ಹುಡುಗಿಗೆ ಹೇಳು: ಎಡೆ ಅವಶ್ಯ ಇಡಬೇಕು. ನಮ್ಮ ಹಿರಿಯರು ನಾವು ತಿಳಿದುಕೊಂಡದ್ದಕ್ಕಿಂತ ಬಹಳ ಮಂದಿ. ಎಲೆ ಸ್ವಲ್ಪ ದೊಡ್ಡದು ಹಾಕಲಿ. ಶಾಣ್ಯಾ ಇದ್ದಾಳೆ, ಓದು ಬಿಡಿಸಬೇಡಿ ಎಂದು ಅವರ ಮನೆಯವರಿಗೆ ಹೇಳು."

ಆಮೇಲೆ ಬರೆದ ಪ್ರತಿ ಪತ್ರದ ಕೊನೆಗೂ ಕೇಳುತ್ತಿದ್ದರು, ಆ ಹುಡುಗಿ ಈಗ ಎಷ್ಟನೇ ಕ್ಲಾಸು ಎಂದು. ಇಲ್ಲದ ಆ ಹುಡುಗಿಯನ್ನು ನಾನು ಪತ್ರದಲ್ಲೇ ವರ್ಷ ವರ್ಷ ಪಾಸು ಮಾಡಿಸುತ್ತ ಹೋದೆ. ಅವಳು ಬಿ.ಎಸ್ಸಿ. ಮುಗಿಸುವ ಮೊದಲೇ ಅವರು ತೀರಿಕೊಂಡರು.