ಹೊಳೆನರಸೀಪುರಕ್ಕೆ ಹೋದ ಸೋರೆ ಹೂವು

ಸಂಕ್ರಾಂತಿ ಕಳೆದು ಹಾಸನದ ಚಳಿ ಸ್ವಲ್ಪ ಸಡಿಲವಾಗುತ್ತಿದ್ದಂತೆ ನಮ್ಮ ವಾಟ್ಸಾಪ್ ಗುಂಪಿಗೆ ಜೀವ ಬರುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಹಿತ್ತಲ ಹುಚ್ಚರೆಲ್ಲ ಸೇರಿಕೊಂಡ ಗುಂಪು ಅದು. ಹಲ್ಲುಜ್ಜುವ ಮೊದಲೇ ಮೊಳಕೆಯ ಫೋಟೊ ಹಾಕುವ ಜನ. ಒಬ್ಬರ ಬೀನ್ಸ್ ಎರಡೆಲೆ ಬಿಟ್ಟಿರುತ್ತದೆ, ಇನ್ನೊಬ್ಬರ ಬದನೆಗೆ ನುಸಿ ಹತ್ತಿರುತ್ತದೆ. ಅರಕಲಗೂಡಿನಲ್ಲಿ ಟೈಲರಿಂಗ್ ಮಾಡುವ ಹೆಂಗಸೊಬ್ಬರು ಕೊಣನೂರು ಸಂತೆಯಿಂದ ತಂದ ಟೊಮೆಟೊ ಸಸಿಗಳನ್ನು ಕೋತಿಗಳಿಂದ ಕಾಪಾಡಲು ಹಳೇ ಜರಿ ಸೀರೆಯ ಅಂಚು ಕತ್ತರಿಸಿ ಸುತ್ತಲೂ ಕಟ್ಟಿದ್ದರು. ಕೋತಿಗಳು ಆ ಅಂಚನ್ನು ಹೆಗಲ ಮೇಲೆ ಹಾಕಿಕೊಂಡು ಕಾಂಪೌಂಡಿನ ಮೇಲೆ ಕೂತಿದ್ದ ಫೋಟೊವನ್ನೂ ಅವರೇ ಕಳಿಸಿದರು.

ನನ್ನದು ಹಾಸನ. ನಾನೂ ನನ್ನ ಗಂಡನೂ ಕನ್ನಡಕದ ಅಂಗಡಿ ನಡೆಸುತ್ತೇವೆ. ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲು, ಅದರಾಚೆ ಒಂದು ಪಟ್ಟಿ ಮಣ್ಣು, ಅದೇ ನನ್ನ ತೋಟ. ಹೋದ ವರ್ಷ ಅಲ್ಲಿ ಉದ್ದ ಸೋರೆಯ ಬೀಜ ಹಾಕಿದ್ದೆ. ಬಳ್ಳಿ ಬಚ್ಚಲುಮನೆಯ ಶೀಟು ಹತ್ತಿ, ಪಕ್ಕದವರ ಟಿವಿ ಕೇಬಲ್ಲಿಗೆ ಕೈ ಚಾಚುವಷ್ಟು ಬೆಳೆಯಿತು. ಸಂಜೆಯಾದರೆ ಬಿಳೀ ಹೂವು, ಎಲೆಗಿಂತ ಹೆಚ್ಚು. ಕಾಯಿ ಮಾತ್ರ ಒಂದೂ ಇಲ್ಲ. ಶಿವರಾತ್ರಿಯ ಹೊತ್ತಿಗೆ ತಾಳ್ಮೆ ಕೆಟ್ಟು ಗುಂಪಿನಲ್ಲಿ ಫೋಟೊ ಹಾಕಿದೆ.

ಚನ್ನರಾಯಪಟ್ಟಣದಲ್ಲಿ ನರ್ಸರಿ ಇಟ್ಟುಕೊಂಡಿರುವವರು ಕೂಡಲೇ ಉತ್ತರ ಬರೆದರು. “ಅವೆಲ್ಲ ಗಂಡು ಹೂವು ಮೇಡಂ. ಹೂವಿನ ಬುಡದಲ್ಲಿ ಪುಟ್ಟ ಕಾಯಿ ಅಂಟಿಕೊಂಡಿದ್ದರೆ ಅದು ಹೆಣ್ಣು. ನೀವು ಬಳ್ಳಿಯ ತುದಿ ಚಿವುಟಲೇ ಇಲ್ಲ. ಚಿವುಟಿದರೆ ಪಕ್ಕದ ಕವಲು ಒಡೆದು ಹೆಣ್ಣು ಹೂವು ಬರುತ್ತೆ.”

ಅದಾದ ಸ್ವಲ್ಪ ಹೊತ್ತಿಗೆ ಹೊಳೆನರಸೀಪುರದಿಂದ ಒಂದು ಧ್ವನಿ ಸಂದೇಶ ಬಂತು. ಕಳಿಸಿದವರು ರಿಟೈರಾದ ಬಸ್ ಕಂಡಕ್ಟರು.

“ನಮ್ದು ಉಲ್ಟಾ ಕಣ್ರಪ್ಪ. ಮೊಬೈಲ್ನಾಗೆ ಯಾವ್ದೋ ವಿಡಿಯೊ ನೋಡ್ಬುಟ್ಟು ತುದಿ ಚಿವುಟ್ದೆ. ಜೀವಮಾನವೆಲ್ಲಾ ಟಿಕೆಟ್ ಅರಿದ ಕೈ, ಬಳ್ಳಿ ಸಿಕ್ಕುದ್ರೆ ಸುಮ್ನಿರುತ್ತಾ? ಸಿಕ್ಕಿದ್ದೆಲ್ಲಾ ಚಿವುಟ್ಬುಟ್ಟೆ. ಈಗ ಬರೀ ಎಣ್ಣು ಊವು. ಗಂಡಿಲ್ದೆ ಪಿಂದೆಯೆಲ್ಲಾ ಅಳ್ದಿಯಾಗಿ ಉದುರೋಯ್ತಾವೆ.”

ಅರಕಲಗೂಡಿನ ಟೈಲರಮ್ಮ ಬಿಡುತ್ತಾರೆಯೇ? “ಆಸನದಲ್ಲಿ ಬರೀ ಗಂಡು, ಒಳೇನರಸೀಪುರದಲ್ಲಿ ಬರೀ ಎಣ್ಣು. ಇನ್ನೇನ್ ನೋಡ್ತೀರಾ, ಬಸ್ ಅತ್ತಿಸ್ರಿ!” ಎಂದು ಬರೆದರು. ಗುಂಪಿನ ತುಂಬ ನಗು ಮುಖಗಳು. ನಾನೂ ಒಂದು ನಗು ಹಾಕಿ ಅಂಗಡಿ ಬಾಗಿಲು ತೆರೆಯಲು ಹೋದೆ.

ಮಧ್ಯಾಹ್ನ ಕಂಡಕ್ಟರೇ ಫೋನ್ ಮಾಡಿದರು. “ಮೇಡಮ್ಮೋರೆ, ಅವ್ರು ತಮಾಸೆಗಂದ್ರು. ನಾನು ತಮಾಸೆಗೆ ಕೇಳ್ತಿಲ್ಲ. ನಿಮ್ಮ ಊವು ನಾಕು ಸಿಕ್ತವಾ?”

ವಿಷಯ ಏನೆಂದರೆ, ಅವರದು ಅಂಗಡಿಯಿಂದ ತಂದ ಬೀಜವಲ್ಲ. ಅವರ ಹೆಂಡತಿಯ ತವರು ಹಳೇಕೋಟೆ. ಅಲ್ಲಿಂದ ಬಂದ ಗುಂಡು ಸೋರೆ, ಬಿಂದಿಗೆಯಂತೆ ಉಬ್ಬಿದ ಕಾಯಿ. ತಾಯಿ ಕೊಟ್ಟದ್ದನ್ನು ಆಕೆ ಪ್ರತಿ ವರ್ಷ ಒಂದು ಕಾಯಿ ಒಣಗಿಸಿ ಬೀಜ ಉಳಿಸಿಕೊಂಡು ಬಂದಿದ್ದರು. ಹಿಂದಿನ ಮಳೆಗಾಲದಲ್ಲಿ ಹೆಗ್ಗಣ ಅಟ್ಟಕ್ಕೆ ನುಗ್ಗಿ ಆ ಒಣಕಾಯಿಯ ಬುರುಡೆ ಒಡೆದು ತಿಂದಿತ್ತು. ಉಳಿದ ಬೆರಳೆಣಿಕೆಯ ಬೀಜಗಳನ್ನು ಇವರು ಉತ್ಸಾಹದಿಂದ ತಾವೇ ಊರಿದ್ದರು. ಹುಟ್ಟಿದ್ದು ಒಂದೇ ಬಳ್ಳಿ. ಅದನ್ನೂ ಹೀಗೆ ಚಿವುಟಿ ಕೂತಿದ್ದರು.

“ಬೈದುದ್ರೆ ವಾಸಿಯಾಗಿತ್ತು. ಅವ್ಳು ಏನೂ ಅಂತಾನೇ ಇಲ್ಲ,” ಎಂದರು.

ನಾನು ಬರುತ್ತೇನೆ ಎಂದೆ. ಭಾನುವಾರ ಹೇಗೂ ಅಂಗಡಿ ಅರ್ಧ ದಿನ. ಸೋರೆ ಹೂವು ಅರಳುವುದು ಸಂಜೆಗೆ. ಆ ಹೊತ್ತಿಗೆ ಬಿಚ್ಚಿಕೊಳ್ಳುವಂಥ ಮೊಗ್ಗುಗಳನ್ನು ಉದ್ದ ತೊಟ್ಟಿನ ಸಮೇತ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಟಿಫಿನ್ ಡಬ್ಬಿಯೊಳಗೆ ಮಲಗಿಸಿದೆ.

“ಯಾರಾದ್ರೂ ಕೇಳಿದ್ರೆ ಎಲ್ಲಿಗೆ ಹೋಗಿದ್ದಾಳೆ ಅನ್ಲಿ?” ಎಂದ ಗಂಡ.

“ಸಂಬಂಧ ಕುದುರಿಸೋಕೆ ಅನ್ನಿ,” ಎಂದು ಚಪ್ಪಲಿ ಮೆಟ್ಟಿಕೊಂಡೆ.

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಿಸಿಲು ಬೀಳದ ಹಾಗೆ ಸೆರಗು ಮುಚ್ಚಿ ಕೂತೆ. ಪಕ್ಕದ ಅಜ್ಜಿಗೆ ಕುತೂಹಲ ತಡೆಯಲಾಗಲಿಲ್ಲ.

“ಏನವ್ವಾ ಅದು, ಊಟವಾ?”

“ಹೂವು ಅಜ್ಜಿ.”

“ಯಾವ ದೇವ್ರಿಗೆ?”

ಸೋರೆಬಳ್ಳಿಗೆ ಎಂದೆ. ಅಜ್ಜಿ ನನ್ನ ಮುಖವನ್ನೊಮ್ಮೆ ನೋಡಿ, ಕಿಟಕಿಯ ಕಡೆಗೆ ಒಂದಿಷ್ಟು ಸರಿದು ಕೂತರು.

ಕಂಡಕ್ಟರು ಸ್ಟ್ಯಾಂಡಿಗೇ ಬಂದು ಕಾಯುತ್ತಿದ್ದರು. ಮನೆ ತಲುಪಿದಾಗ ಅವರ ಹೆಂಡತಿ ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನನ್ನ ಕೈಯ ಡಬ್ಬಿ ನೋಡಿ, “ಏನ್ರವ್ವಾ, ಗಂಡನ್ನ ಡಬ್ಬೀಲಿ ಆಕ್ಕಂಡ್ ಬಂದ್ರಾ? ಬನ್ನಿ, ಕಾಫಿ ಕುಡೀರಿ. ಇವ್ರ ಉಚ್ಚಾಟಕ್ಕೆ ನೀವೂ ಬಿಸಿಲಲ್ಲಿ ಬರ್ಬೇಕಾಯ್ತು,” ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಹಿತ್ತಲಿನ ಕಡೆ ತಲೆಯೂ ತಿರುಗಿಸಲಿಲ್ಲ.

ಹೊತ್ತು ಇಳಿಯಿತು. ಚಪ್ಪರದ ಕೆಳಗೆ ನಿಂತು ನೋಡಿದರೆ ಅವರ ಬಳ್ಳಿಯಲ್ಲಿ ಎರಡು ಹೆಣ್ಣು ಹೂವು ಮೆಲ್ಲಗೆ ಬಿಚ್ಚಿಕೊಳ್ಳುತ್ತಿದ್ದವು. ಬುಡದಲ್ಲಿ ಗೋಲಿಯಷ್ಟು, ಮೈತುಂಬ ರೋಮವಿರುವ ಹಸಿರು ಪಿಂದೆ. ಡಬ್ಬಿ ತೆರೆದೆ. ನನ್ನ ಮೊಗ್ಗುಗಳಲ್ಲಿ ಕೆಲವು ದಾರಿಯಲ್ಲೇ ಸೊರಗಿದ್ದವು, ಉಳಿದವು ಅರಳಿದ್ದವು. ಎಸಳು ಹಿಂದಕ್ಕೆ ಮಡಚಿ ಕಂಡಕ್ಟರ ಕೈಗೆ ಒಂದನ್ನು ಕೊಟ್ಟೆ. ಅವರು ಸ್ಟೂಲ್ ಹತ್ತಿದರು. ಹೂವು ಕೈಜಾರಿ ಕೆಳಗೆ ಬಿತ್ತು. ಎರಡನೆಯದು ಹೆಣ್ಣು ಹೂವಿನ ಎಸಳಿಗೆ ತಾಗಿ ಎಸಳೇ ಹರಿಯಿತು.

ನಾನು ಮುಂದೆ ಹೋಗುವಷ್ಟರಲ್ಲಿ ಹಿಂದಿನಿಂದ ಧ್ವನಿ ಬಂತು.

“ಇಳೀರಿ ಕೆಳೀಕೆ. ಇದ್ದುದ್ನೂ ಕಿತ್ತಾಕ್ಬುಟ್ಟೀರಿ.”

ಆಕೆ ಹುಣಸೆಹಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ನಿಂತಿದ್ದರು. ಸ್ಟೂಲ್ ಬೇಕಾಗಲಿಲ್ಲ. ಕವಲನ್ನೇ ಬಗ್ಗಿಸಿ ಎದೆಯ ಹತ್ತಿರ ತಂದುಕೊಂಡರು. “ಎಂಗ್ ಮಾಡ್ಬೇಕು ಏಳಿ,” ಎಂದರು. ನನಗೂ ಗೊತ್ತಿದ್ದದ್ದು ಹೊರಡುವ ಮುನ್ನ ಕೇಳಿದ್ದಕ್ಕೆ ನರ್ಸರಿಯವರು ಬರೆದಷ್ಟೇ. ಗಂಡು ಹೂವಿನ ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆತ್ತಗೆ ಸವರಿ ಎಂದೆ. ಮಗುವಿನ ಹಣೆಗೆ ಕಪ್ಪು ಇಡುವಷ್ಟು ನಿಧಾನಕ್ಕೆ ಸವರಿದರು. ಎರಡಕ್ಕೂ ಆಯಿತು. ಕಂಡಕ್ಟರು ಸ್ಟೂಲನ್ನು ಎದೆಗವಚಿಕೊಂಡು ನಿಂತಿದ್ದರು.

“ಇಷ್ಟೇಯಾ?” ಎಂದರು ಆಕೆ. ಆಮೇಲೆ ಗಂಡನ ಕಡೆ ತಿರುಗಿ, “ಇನ್ಮ್ಯಾಕೆ ಈ ಬಳ್ಳಿ ಮುಟ್ಟುದ್ರೆ ನೋಡಿ,” ಎಂದರು. ಕಂಡಕ್ಟರ ಮುಖ ಅರಳಿದ್ದು ನೋಡಬೇಕಿತ್ತು. ಅಂತೂ ಬೈಸಿಕೊಂಡರು.

ಮುಂದಿನ ದಿನಗಳಲ್ಲಿ ಗುಂಪಿಗೆಲ್ಲ ಅದೇ ಧ್ಯಾನ. ಎಸಳು ಹರಿದ ಹೂವಿನ ಪಿಂದೆ ಹಳದಿಗೆ ತಿರುಗಿ ಉದುರಿತು. ಇನ್ನೊಂದು ನಿಂತಿತು. ನಿಂಬೆಯಷ್ಟಾಯಿತು, ತೆಂಗಿನಕಾಯಿಯಷ್ಟಾಯಿತು. ಟೈಲರಮ್ಮ ಅದಕ್ಕೊಂದು ಕುಲಾವಿ ಹೊಲಿದು ಕಳಿಸುತ್ತೇನೆಂದರು. ಅಷ್ಟರಲ್ಲಿ ನರ್ಸರಿಯವರು, “ಒಂದು ಮಾತು ಹೇಳಬೇಕು, ಬೇಜಾರು ಮಾಡ್ಕೋಬೇಡಿ,” ಎಂದು ಶುರು ಮಾಡಿದರು. ಕಾಯಿ ಗುಂಡಗೇ ಇರುತ್ತದೆ, ಆದರೆ ಪರಾಗ ಉದ್ದ ಸೋರೆಯದ್ದಾದ್ದರಿಂದ ಒಳಗಿನ ಬೀಜ ಬೆರಕೆ. ಅದನ್ನು ಊರಿದರೆ ಹಳೇಕೋಟೆಯ ಸೋರೆ ಬರುವುದಿಲ್ಲ.

ಇದು ನನಗೆ ಹೊಳೆದೇ ಇರಲಿಲ್ಲ. ಕಂಡಕ್ಟರಿಗೆ ಫೋನ್ ಮಾಡಿದರೆ ಎತ್ತಿದ್ದು ಹೆಂಡತಿ. ಬೀಜದ ವಿಷಯ ಎನ್ನುವಷ್ಟರಲ್ಲಿ ಆಕೆಯೇ ಹೇಳಿದರು.

“ಅದಾ? ಇವ್ರು ಓದಿ ಏಳುದ್ರು. ಬೆಳಗ್ಗಿಂದ ಮುಖ ಇಳೇ ಬುಟ್ಕಂಡ್ ಕುಂತವ್ರೆ. ಇರ್ಲಿ ಬುಡ್ರವ್ವ. ಇವ್ರ ಕಣ್ಣಿಗೆ ಬೀಳ್ದಂಗೆ ಗ್ವಾಡೆ ಇಂದೆ ಒಂದ್ ಕವಲು ಓಗ್ಯದೆ. ಅದ್ರಾಗೆ ಈಗ ಗಂಡು ಮೊಗ್ಗು ಬಂದವೆ. ನಮ್ದುಕ್ಕೆ ನಮ್ದನ್ನೇ ಮುಟ್ಟುಸ್ತೀನಿ. ಎಂಗೆ ಅಂತ ನೀವೇ ತೋರ್ಸ್‌ಕೊಟ್ರಲ್ಲ.”

ಹಾಗೇ ಮಾಡಿದರು. ಯುಗಾದಿಯ ಹೊತ್ತಿಗೆ ಚಪ್ಪರದ ಆ ಮೂಲೆಯಲ್ಲಿ ಇನ್ನೊಂದು ಪಿಂದೆ ನಿಂತಿತು. ಅದು ಬೀಜಕ್ಕೆ, ಯಾರೂ ಮುಟ್ಟುವಂತಿಲ್ಲ. ಮೊದಲಿನದನ್ನು ಕೊಯ್ದು ಅರ್ಧ ತಾವಿಟ್ಟುಕೊಂಡು, ಅರ್ಧ ಹಾಸನದ ಬಸ್ಸಿನಲ್ಲಿ ಪರಿಚಯದ ಡ್ರೈವರ್ ಕೈಯಲ್ಲಿ ನನಗೆ ಕಳಿಸಿದರು. ಕಡಲೆಬೇಳೆ ಹಾಕಿ ಪಲ್ಯ ಮಾಡಿದೆ.

ಆ ಸಂಜೆ ಗುಂಪಿಗೆ ಹೊಸ ನಂಬರೊಂದು ಸೇರಿತು. ಅದರಿಂದ ಮೊದಲು ಬಂದದ್ದು ಒಂದು ಫೋಟೊ. ಅರ್ಧ ಭಾಗ ಹೆಬ್ಬೆರಳು, ಉಳಿದರ್ಧದಲ್ಲಿ ಎಲೆಗಳ ನಡುವೆ ಮಸುಕು ಮಸುಕಾಗಿ ಒಂದು ಗುಂಡು ಕಾಯಿ. ಅದರ ಕೆಳಗೆ ಕಂಡಕ್ಟರ ಬರಹ: “ನಮ್ಮನೆಯವ್ರು ತೆಗ್ದಿದ್ದು. ನಾನು ಮುಟ್ಟಿಲ್ಲ.”