ಗುರುವಾರದ ಲ್ಯಾಟಿನ್

ಝರ್ರ್... ಝರ್ರ್... ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಮತ್ತೆ ಝರ್ರ್.

ಹುಮನಾಬಾದಿನ ಒಂದು ಗಲ್ಲಿಯ ಬಾಂಡೆ ಅಂಗಡಿಯಲ್ಲಿ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಮಷೀನಿನ ಸದ್ದು ಅದು. ಲಗ್ನದ ದಿನಗಳಲ್ಲಂತೂ ಸಂಜೆಯವರೆಗೂ ನಿಲ್ಲುತ್ತಿರಲಿಲ್ಲ. ಕೊಡವೋ, ತಾಟೋ, ಸ್ಟೀಲ್ ಡಬ್ಬಿಯೋ, ಕೊಡುವವರ ಹೆಸರು ಅದರ ಮೈಮೇಲೆ ಬೀಳದಿದ್ದರೆ ನಮ್ಮ ಕಡೆ ಅದು ಉಡುಗೊರೆ ಎನಿಸುವುದಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ, ಗುರುವಾರ ಮಧ್ಯಾಹ್ನ, ಆ ಸದ್ದು ಕೇಳುತ್ತ ನಾನು ಲ್ಯಾಟಿನ್ ಓದಿದೆ. ಈಗ ಕೆಳಗಿನ ಮನೆಯಲ್ಲಿ ಮಿಕ್ಸರ್ ತಿರುಗಿದರೂ ತಟ್ಟನೆ ತಲೆ ಎತ್ತುತ್ತೇನೆ. ಗುರುವಾರ ಬಂದರೆ ಇಂದಿಗೂ ಇಸ್ತ್ರಿ ಮಾಡಿದ ಸೀರೆ ಉಟ್ಟು ಕೂತಿರುತ್ತೇನೆ. ಎಲ್ಲಿಗೂ ಹೋಗುವುದಿರುವುದಿಲ್ಲ.

ಬಾಂಡೆ ಅಂಗಡಿಯ ಎದುರಿಗೇ ನನ್ನ ಹಳೆಯ ಸಿಸ್ಟರ್ ಇದ್ದ ಮನೆ. ಜನ ಕಾನ್ವೆಂಟ್ ಎನ್ನುತ್ತಿದ್ದರು, ಆದರೆ ಅಲ್ಲಿ ಶಾಲೆ ಇರಲಿಲ್ಲ. ನಾಲ್ಕಾರು ಸಿಸ್ಟರ್‌ಗಳು ವಾಸವಿದ್ದ ಸಣ್ಣ ಮನೆ, ಮುಂದೆ ಒಂದು ವರಾಂಡ. ನಾನು ಗುಲಬರ್ಗಾದ ಬೋರ್ಡಿಂಗ್‌ನಲ್ಲಿ ಓದುವಾಗ ನಮಗೆ ಇಂಗ್ಲಿಷ್ ಮತ್ತು ಸಿಂಗಿಂಗ್ ಕಲಿಸಿದವರು ಈ ಸಿಸ್ಟರ್. ಆಗ ಅವರೂ ಹುಡುಗಿಯೇ, ಈಗ ಅನಿಸುತ್ತದೆ. ಬಸವಕಲ್ಯಾಣದ ಬಟ್ಟೆ ವ್ಯಾಪಾರಿಯ ಮಗಳಾದ ನಾನು ಹಣೆಗೆ ವಿಭೂತಿ ಹಚ್ಚಿಕೊಂಡು ಲ್ಯಾಟಿನ್ ಹಾಡುಗಳನ್ನು ಗಿಳಿಯ ಹಾಗೆ ಹಾಡುತ್ತಿದ್ದೆ. ಒಂದು ಶಬ್ದದ ಅರ್ಥವೂ ಗೊತ್ತಿರಲಿಲ್ಲ. ಮುಂದೆ ಅವರ ಚರ್ಚಿನಲ್ಲೇ ಲ್ಯಾಟಿನ್ ನಿಂತುಹೋಯಿತು. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್ ಆದೆ, ರಿಟೈರ್ ಆದೆ, ಬಸವಕಲ್ಯಾಣಕ್ಕೇ ಮರಳಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದೆ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳುವವರೂ ಈಗ ಉಳಿದಿಲ್ಲ.

ಹಳೆಯ ಸ್ಟೂಡೆಂಟ್ ಒಬ್ಬಳ ಮಗಳ ಲಗ್ನಕ್ಕೆಂದು ಒಂದು ಡಬ್ಬಿ ಕೊಳ್ಳಲು ಆ ಅಂಗಡಿಗೆ ಹೋಗಿದ್ದೆ. ಬೆಲೆಯ ಬಗ್ಗೆ ವಾದ ನಡೆದಿತ್ತು. ಎದುರಿನ ವರಾಂಡದಿಂದ ಒಂದು ದನಿ ಬಂತು.

“ಏ ಹುಡುಗಿ! ನೀ ಇನ್ನೂ ‘ಸ’ ಅಂದ್ರ ಸೀಟಿ ಹೊಡೀತಿ ನೋಡು!”

ಎಪ್ಪತ್ತು ದಾಟಿದ ನನ್ನನ್ನು ಹುಡುಗಿ ಎಂದು ಕರೆಯುವವರು ಯಾರಿದ್ದಾರೆ? ತಿರುಗಿ ನೋಡಿದೆ. ಬಿಳಿ ಸೀರೆ, ದಪ್ಪ ಕನ್ನಡಕ. ಕಣ್ಣು ಬಹುಮಟ್ಟಿಗೆ ಹೋಗಿತ್ತು, ನನ್ನ ದನಿಯಿಂದಲೇ ಗುರುತು ಹಿಡಿದಿದ್ದರು. ನನಗೆ ಅಂಗಡಿಯ ಮೆಟ್ಟಿಲ ಮೇಲೇ ಅಳು ಬಂತು. “ಡೋಂಟ್ ಬಿ ಸಿಲ್ಲಿ, ಒಳಗ ಬಾ,” ಎಂದರು.

ಮುಂದಿನ ವಾರವೂ ಹೋದೆ, ಅದರ ಮುಂದಿನ ವಾರವೂ. ಆಗ ಮನೆಯ ಇನ್‌ಚಾರ್ಜ್ ಆಗಿದ್ದ ಚಿಕ್ಕ ವಯಸ್ಸಿನ ಸಿಸ್ಟರ್ ಗೇಟಿನಲ್ಲಿ ನನ್ನನ್ನು ನಿಲ್ಲಿಸಿ, “ತಪ್ಪು ತಿಳ್ಕೋಬ್ಯಾಡ್ರಿ ಟೀಚರ್. ಬರೀ ಹರಟಿಗೆ ಬಂದ್ರ ನಾಳೆ ಎಲ್ಲಾರಿಗೂ ಗೇಟ್ ತೆಗೀಬೇಕಾಗ್ತದ. ಏನರ ಕೆಲಸ ಇದ್ರ ಹೇಳ್ರಿ,” ಎಂದರು. ವರಾಂಡದಿಂದ ನಮ್ಮ ಸಿಸ್ಟರ್ ಗಂಭೀರವಾಗಿ, “ಶಿ ಕಮ್ಸ್ ಫಾರ್ ಲ್ಯಾಟಿನ್,” ಎಂದುಬಿಟ್ಟರು. ನನಗೂ ಅದು ಆಗಲೇ ತಿಳಿದದ್ದು.

ಹೀಗೆ ಶುರುವಾಯಿತು. ಗುರುವಾರ ಊಟ ಮುಗಿಸಿ, ಸಸ್ತಾಪುರ ಬಂಗ್ಲಾದ ಹತ್ತಿರ ಹೈವೇಗೆ ಬಂದು ಹುಮನಾಬಾದಿನ ಬಸ್ ಹಿಡಿಯುವುದು. ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲೆ ಕೂರಲು ಜಾಗವೇ ಸಿಗುತ್ತಿರಲಿಲ್ಲ. ನಡುವೆ ರಾಜೇಶ್ವರದಲ್ಲಿ ಯಾರಾದರೂ ಇಳಿದರೆ ನನ್ನ ಪುಣ್ಯ.

ಮೊದಲ ಪಾಠದ ದಿನ ಸಿಸ್ಟರ್ ಕೇಳಿದರು: “ಲ್ಯಾಟಿನ್ ಅಂದ್ರ ನಿನಗ ಏನ್ ನೆನಪಾಗ್ತದ?”

“ಚರ್ಚು, ರೋಮು, ಮಾರ್ಬಲ್ಲು.”

“ಅವೆಲ್ಲಾ ಆಮ್ಯಾಲಿಂದು. ಮೊದಲ ಕುರಿ ಕಾಯೋರು, ನೇಗಿಲ ಹೊಡಿಯೋರು ಇದ್ರು. ನದಿ ದಂಡ್ಯಾಗ ಒಂದು ಬಯಲು, ಲಾಟಿಯಂ ಅಂತ. ಅದರಾಗ ಒಂದಿಷ್ಟು ಹಳ್ಳಿ, ನಮ್ಮ ಬಾಜೂಕಿನ ಕೊಡಂಬಲ, ಹುಡಗಿ ಊರುಗಳಿದ್ದಾಂಗ. ಆ ಬಯಲಿನ ಮಂದಿ ಮಾತು ಲ್ಯಾಟಿನ್. ಇದು ಜಗತ್ತು ಆಳ್ತದ ಅಂತ ಯಾರಿಗೂ ಕನಸ ಬಿದ್ದಿರಲಿಲ್ಲ.”

ಸಿಸ್ಟರ್ ಕರಾವಳಿಯವರು. ಆದರೆ ಒಂದು ಜನ್ಮವೆಲ್ಲ ನಮ್ಮ ಕಡೆಯೇ ಕಳೆದು, ಮಾತು ಹುಮನಾಬಾದಿನದೇ ಆಗಿತ್ತು. ಅವರು ಹೇಳುತ್ತ ಹೋದಂತೆ ಆ ಬಯಲು ನನಗೆ ನಮ್ಮ ಸೀಮೆಯ ಹಾಗೆಯೇ ಕಾಣತೊಡಗಿತು. ನದಿಯ ಆಚೆಗೆ ಎಟ್ರಸ್ಕನ್ನರು, ಅವರ ಭಾಷೆಗೂ ಇವರದಕ್ಕೂ ಯಾವ ಸಂಬಂಧವೂ ಇಲ್ಲ. ಬೆಟ್ಟಗಳ ಕಡೆ ಆಸ್ಕನ್, ಅಂಬ್ರಿಯನ್, ಇವು ಲ್ಯಾಟಿನ್ನಿನ ದೂರದ ನೆಂಟರು. ದಕ್ಷಿಣದ ಸಮುದ್ರ ತೀರದಲ್ಲಿ ಗ್ರೀಕರು. ಲ್ಯಾಟಿನ್ ಮಂದಿಗೆ ಸ್ವಂತ ಲಿಪಿ ಇರಲಿಲ್ಲ. ಗ್ರೀಕರ ಅಕ್ಷರ ಎಟ್ರಸ್ಕನ್ನರ ಕೈಗೆ ಬಂದು, ಅಲ್ಲಿಂದ ಇವರ ಕೈಗೆ ಬಂತು. “ಬಾಜೂ ಮನಿಯಿಂದ ಸಾಣಿಗಿ ಇಸಗೊಂಡು ಬಂದಾಂಗ,” ಎಂದು ಸಿಸ್ಟರ್ ನಕ್ಕರು. “ಮರಳಿ ಕೊಡಲೇ ಇಲ್ಲ ನೋಡು!” ಆಮೇಲೆ ಅಂಗಡಿಯ ಕಡೆ ಕೈ ತೋರಿಸಿ, “ಅಂವ ಗಿರಾಕಿಗೆ ಉರ್ದುದಾಗ ರೇಟ್ ಹೇಳ್ತಾನ, ಮರಾಠಿದಾಗ ಕಡಿಮಿ ಮಾಡ್ತಾನ, ಕನ್ನಡದಾಗ ಕೈ ಮುಗೀತಾನ. ಅಲ್ಲೂ ಹಿಂಗ ನಡದಿರಬೇಕು,” ಎಂದರು.

ನದಿಯ ಮೇಲ್ಭಾಗದಲ್ಲಿ ಲ್ಯಾಟಿನ್ನಿಗೆ ಒಡಹುಟ್ಟಿದಂಥ ಒಂದು ಭಾಷೆ ಇತ್ತಂತೆ, ಫಾಲಿಸ್ಕನ್. ಅದು ಏನಾಯಿತು ಎಂದು ಕೇಳಿದೆ.

“ಅದನ್ನ ಯಾರೂ ಬಂದು ಕೊಲ್ಲಲಿಲ್ಲ. ಮಕ್ಕಳು ಲ್ಯಾಟಿನ್ ಮಾತಾಡಾಕತ್ತರು. ಮುದುಕ್ಯಾರು ಸುಮ್ಮನಾದ್ರು.”

ಅಷ್ಟರಲ್ಲಿ ಎದುರಿನ ಮಷೀನೂ ನಿಂತಿತು. ಸಂಜೆ ಬಸ್ಸಿನಲ್ಲಿ, ಕಬ್ಬಿನ ಗದ್ದೆಗಳ ಮೇಲೆ ಬೆಳಕು ಇಳಿಯುವುದನ್ನು ನೋಡುತ್ತ, ಆ ಕೊನೆಯ ಫಾಲಿಸ್ಕನ್ ಮುದುಕಿಯದೇ ಯೋಚನೆ. ಒಲೆಯ ಮುಂದೆ ಕೂತು ತನ್ನಷ್ಟಕ್ಕೆ ತಾನು ಏನಾದರೂ ಹೇಳಿಕೊಳ್ಳುತ್ತಿದ್ದಳೇನೋ. ನಾನೂ ಹಾಗೆ ಮಾಡುತ್ತೇನೆ, ಇಂಗ್ಲಿಷಿನಲ್ಲಿ.

ಅತಿ ಹಳೆಯ ಲ್ಯಾಟಿನ್ ಉಳಿದಿರುವುದು ಪುಸ್ತಕಗಳಲ್ಲಿ ಅಲ್ಲ, ಸಾಮಾನುಗಳ ಮೇಲೆ. ಒಂದು ಬಂಗಾರದ ಪಿನ್ನು ಇದೆ. ಅದರ ಮೇಲೆ, ಇಂಥವನು ಇಂಥವನಿಗಾಗಿ ನನ್ನನ್ನು ಮಾಡಿದ ಎಂದು ಆ ಪಿನ್ನೇ ಹೇಳುತ್ತದೆ. ಇದು ಖೊಟ್ಟಿ ಮಾಲು ಎಂದು ಬಹಳ ಕಾಲ ಅನುಮಾನವಿತ್ತು, ಪರೀಕ್ಷೆ ಮಾಡಿ ಖರೆಯದೇ ಎಂದರಂತೆ. ಇದನ್ನು ಓದಿದ ದಿನ ಸಿಸ್ಟರ್ ಕಿಟಕಿಯ ಕಡೆ ಕಿವಿ ಕೊಟ್ಟು, “ಕೇಳು, ಇನ್ನೂ ಬರಿಯಾಕತ್ತಾರ,” ಎಂದರು. ಝರ್ರ್. ಯಾರದೋ ಅತ್ತೆ ಯಾರಿಗೋ ಕೊಟ್ಟ ಕೊಡ.

ಆಮೇಲೆ ನಾವು ಮೂರು ಕುಡಿಕೆಗೆ ಬಂದೆವು. ಕುಂಕುಮ ಅರಿಶಿನ ಇಡುವ ಪಂಚಪಾಳದ ಬಟ್ಟಲುಗಳಂತೆ ಒಂದಕ್ಕೊಂದು ಅಂಟಿಕೊಂಡ ಮೂರು ಪುಟ್ಟ ಮಣ್ಣಿನ ಕುಡಿಕೆಗಳು. ರೋಮಿನ ಒಂದು ಗುಡ್ಡದಲ್ಲಿ ಸಿಕ್ಕಿದ್ದು. ಸುತ್ತಲೂ ಬರಹ, ಬಲದಿಂದ ಎಡಕ್ಕೆ, ಶಬ್ದಗಳ ನಡುವೆ ಜಾಗವಿಲ್ಲದೆ. ಮೊದಲ ಸಾಲು ಹೆಚ್ಚುಕಡಿಮೆ ತಿಳಿಯುತ್ತದೆ: ಯಾವುದೋ ಹುಡುಗಿ ನಿನ್ನ ಮೇಲೆ ಪ್ರೀತಿಯಿಂದಿರಲಿ ಎಂಬಂಥ ಮಾತು. ಕೊನೆಯ ಸಾಲು ತಿಳಿಯುತ್ತದೆ: ಒಳ್ಳೆಯವನೊಬ್ಬ ನನ್ನನ್ನು ಮಾಡಿದ. ನಡುವಿನ ಸಾಲು ಮಾತ್ರ ಯಾರಿಗೂ ಪೂರ್ತಿ ಬಿಡಿಸಲು ಬಂದಿಲ್ಲ. ದೊಡ್ಡ ದೊಡ್ಡ ಪ್ರೊಫೆಸರ್‌ಗಳು ತಲೆಗೊಂದು ಅರ್ಥ ಹೇಳಿದ್ದಾರೆ.

ನಾವು ಆ ಸಾಲಿನಲ್ಲೇ ಕೂತುಬಿಟ್ಟೆವು. ನಾನು ಟ್ಯಾಬ್‌ನಲ್ಲಿ ಫೋಟೋ ದೊಡ್ಡದು ಮಾಡಿ ಒಂದೊಂದೇ ಅಕ್ಷರ ಹೇಳುವುದು, ಸಿಸ್ಟರ್ ಮೇಜಿನ ಬಟ್ಟೆಯ ಮೇಲೆ ಅದನ್ನು ಬೆರಳಿನಿಂದ ಬರೆಯುವುದು. ಇಲ್ಲಿ ಕತ್ತರಿಸಿದರೆ ಹೇಗೆ, ಅಲ್ಲಿ ಕತ್ತರಿಸಿದರೆ ಹೇಗೆ. ಒಂದು ವಾರ ಕಟ್ಟಿದ್ದನ್ನು ಮುಂದಿನ ವಾರ ಕೆಡವುವುದು. ಈ ಸಾಲು ಬಿಟ್ಟು ಮುಂದೆ ಹೋಗೋಣ ಎಂದು ಅವರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಪಾಠ ಮುಗಿದರೆ ಗೇಟ್ ಮುಚ್ಚುತ್ತದೆ. ಯಾರೂ ಓದಲಾರದ ಸಾಲು ಎಂದರೆ ಮುಗಿಯದ ಗುರುವಾರಗಳು. ಇದನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ.

ನನ್ನ ಮನೆಯ ಮಾಲಕಿ, ಕೆಳಗೆ ಇರುವ ಆಪಾ, ಒಂದು ಗುರುವಾರ ಮೆಟ್ಟಿಲ ಹತ್ತಿರ ಹಿಡಿದರು. “ಈ ವಯಸ್ಸಿನ್ಯಾಗ ಇಸ್ಕೂಲಿಗಿ ಹೊಂಟೀರಿ ಟೀಚರಮ್ಮ?”

“ಪಾಪ, ಆ ಸಿಸ್ಟರ್ ಒಬ್ಬರೇ ಅದಾರ ಆಪಾ. ನಾ ಹೋಗಲಿಲ್ಲಂದ್ರ ಯಾರು ಮಾತಾಡಸ್ತಾರ?”

“ಅವ್ರ ಮನ್ಯಾಗ ಐದಾರು ಮಂದಿ ಅದಾರಂತ ನೀವೇ ಹೇಳಿದ್ರಿ. ನಿಮ್ಮ ಮನ್ಯಾಗ ಎಷ್ಟ ಮಂದಿ?” ಎಂದು ಆಪಾ ಜೋರಾಗಿ ನಕ್ಕು, ನನ್ನ ಚೀಲಕ್ಕೆ ನಾಲ್ಕು ಪೇರಲಹಣ್ಣು ಹಾಕಿದರು.

ದೀಪಾವಳಿ ಕಳೆದ ಮೇಲೆ ಒಂದು ಗುರುವಾರ ಇನ್‌ಚಾರ್ಜ್ ಸಿಸ್ಟರ್ ಮತ್ತೆ ಗೇಟಿನಲ್ಲಿ ನಿಂತಿದ್ದರು. ಈ ಸಲ ದನಿ ಮೆತ್ತಗಿತ್ತು. “ಟೀಚರ್, ಮುಂದಿನ ತಿಂಗಳ ಸಿಸ್ಟರ್‌ನ ಕರಾವಳಿಗಿ ಕಳಸ್ತೀವ್ರಿ. ಅಲ್ಲಿ ವಯಸ್ಸಾದ ಸಿಸ್ಟರ್‌ಗಳ ಸಲುವಾಗಿ ಮನಿ ಅದ, ಡಾಕ್ಟರ್ ಇರ್ತಾರ. ನಿಮ್ಮ ಸಲುವಾಗೇ ಅವ್ರು ಒಂದ್ಸಲ ಮುಂದಕ್ಕ ಹಾಕಿಸಿದ್ರು.”

“ನನ್ನ ಸಲುವಾಗಿ?”

“ಹೌದ್ರಿ. ‘ಆ ಹುಡುಗಿ ಒಬ್ಬಾಕಿನೇ ಅದಾಳ, ನಾ ಇಲ್ಲಂದ್ರ ಆಕಿನ್ನ ಯಾರು ಮಾತಾಡಸ್ತಾರ’ ಅಂದಿದ್ರು.”

ಆ ದಿನ ವರಾಂಡದವರೆಗಿನ ನಾಲ್ಕು ಹೆಜ್ಜೆ ಬಹಳ ದೂರ ಅನಿಸಿತು.

“ಹೇಳಿದಳಾ?” ಎಂದರು ಸಿಸ್ಟರ್, ನಾನು ಕೂರುವ ಮೊದಲೇ.

“ಹೇಳಿದರು. ಇನ್ನೊಂದ್ಸಲ ಕೇಳಿ ನೋಡ್ರಿ ಸಿಸ್ಟರ್. ಪಾಠ ಮುಗಿದಿಲ್ಲ ಅನ್ನರಿ.”

“ಆಗಲೇ ಕೇಳೀನಿ. ದೊಡ್ಡ ಮದರ್ ಫೋನ್ ಮಾಡಿದ್ರು. ಎಷ್ಟು ಉಳದದ ಅಂತ ಕೇಳಿದ್ರು. ಒಂದು ಸಾಲು ಅಂದೆ. ಒಂದು ಸಾಲಿಗಿ ಎರಡು ವರ್ಷಾನಾ ಸಿಸ್ಟರ್, ಅಂದ್ರು.” ಅವರಿಗೆ ನಗು ತಡೆಯಲಾಗಲಿಲ್ಲ, ನನಗೂ. ನಗುತ್ತ ನಗುತ್ತ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. “ಸುಳ್ಳು ಹೇಳಾಕ ಬರೂದಿಲ್ಲ ನೋಡು. ಎರಡು ಪುಸ್ತಕ ಉಳದಾವ ಅನ್ನಬೇಕಿತ್ತು.”

“ಹೋಗಲಿ, ನಿಮ್ಮ ಊರಿಗೇ ಹೋಗ್ತೀರಲ್ಲ,” ಎಂದೆ, ಸಮಾಧಾನಕ್ಕೆ.

“ಯಾವ ಊರು? ಅಲ್ಲಿ ನನ್ನ ಗುರುತಿನೋರಂದ್ರ ಸಮುದ್ರ ಒಂದೇ. ಅಲ್ಲಿನ ಸಿಸ್ಟರ್‌ಗಳು ನನ್ನ ಕನ್ನಡ ಕೇಳಿ ನಗ್ತಾರ.” ಮೇಜಿನ ಬಟ್ಟೆಯನ್ನು ಕೈಯಿಂದ ಸರಿಮಾಡಿ, “ಟ್ಯಾಬ್ ತೆಗಿ. ಹೋದ ವಾರ ಎಲ್ಲಿ ಬಿಟ್ಟಿದ್ದೆವು?” ಎಂದರು.

ಏನಾದರೂ ಕೊಡಬೇಕು ಎನಿಸಿತು. ಒಂದು ತಂಬಿಗೆ ಕೊಡಬಹುದೇ ಎಂದು ಇನ್‌ಚಾರ್ಜ್ ಸಿಸ್ಟರನ್ನು ಕೇಳಿದೆ. “ಕೊಡ್ರಿ. ಆದ್ರ ಹೆಸರು ಬರಸಬ್ಯಾಡ್ರಿ, ಅವರದೂ ಬ್ಯಾಡ, ನಿಮ್ಮದೂ ಬ್ಯಾಡ. ನಮ್ಮಲ್ಲಿ ಯಾವ ಸಾಮಾನೂ ಒಬ್ಬರದಲ್ಲ,” ಎಂದರು.

ಬಾಂಡೆ ಅಂಗಡಿಗೆ ಹೋಗಿ ತಾಮ್ರದ್ದೊಂದು ತಂಬಿಗೆ ಆರಿಸಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಚೀಟಿಯನ್ನು ಮಷೀನಿನವನ ಮುಂದಿಟ್ಟೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

“ಇದು ಯಾರ ಹೆಸರ್ರಿ ಅಮ್ಮಾ, ಇಷ್ಟುದ್ದ? ನಡುವ ಜಾಗಾ ಬಿಡಬೇಕೇನು?”

“ಬ್ಯಾಡಪ್ಪ. ಹೆಸರಲ್ಲ ಅದು.”

“ಮತ್ತ ಅರ್ಥ ಏನು?”

“ಯಾರಿಗೂ ಗೊತ್ತಿಲ್ಲ.”

ಅವನು ಮಷೀನ್ ಕೆಳಗಿಟ್ಟ. “ಯಾರಿಗೂ?”

“ಯಾರಿಗೂ.”

“ಹಂಗಾರ ಛಲೋ ಆತು. ತಪ್ಪಾದ್ರೂ ಯಾರೂ ಜಗಳಾ ತೆಗಿಯಂಗಿಲ್ಲ,” ಎಂದು ಹಲ್ಲು ಬಿಟ್ಟು, ತಂಬಿಗೆಯನ್ನು ತೊಡೆಯ ನಡುವೆ ಹಿಡಿದುಕೊಂಡ. ಝರ್ರ್. ಎದುರಿನ ವರಾಂಡದಲ್ಲಿ ಸಿಸ್ಟರ್ ಕೂತಿದ್ದರು. ಯಾರದೋ ಲಗ್ನದ ತಯಾರಿ ಎಂದುಕೊಂಡಿರಬೇಕು. ಕುಡಿಕೆಯ ಆ ನಡುವಿನ ಸಾಲು ತಂಬಿಗೆಯ ಹೊಟ್ಟೆಯ ಸುತ್ತ ಒಂದು ಸುತ್ತು ಬಂದು, ಕೊನೆಯ ಅಕ್ಷರ ಮೊದಲ ಅಕ್ಷರದ ಪಕ್ಕಕ್ಕೇ ಬಂದು ನಿಂತಿತು.

ಅವರು ಹೊರಟದ್ದು ಗುರುವಾರವಲ್ಲ, ಒಂದು ಸೋಮವಾರ ಬೆಳಿಗ್ಗೆ. ನಾನು ಮೊದಲ ಬಸ್ಸಿಗೇ ಬಂದಿದ್ದೆ. ಗಲ್ಲಿಯಲ್ಲಿ ಬಿಳಿ ವ್ಯಾನ್ ನಿಂತಿತ್ತು, ಅಂಗಡಿಯ ಶಟರ್ ಇನ್ನೂ ತೆಗೆದಿರಲಿಲ್ಲ. ಸಿಸ್ಟರ್‌ಗೆ ಕಿಟಕಿಯ ಪಕ್ಕ ಸೀಟು. ತಂಬಿಗೆಯನ್ನು ಅವರ ಮಡಿಲಲ್ಲಿಟ್ಟೆ.

“ಹೆಸರು ಬರಸಿಲ್ಲ ತಾನೇ?”

“ಇಲ್ಲ ಸಿಸ್ಟರ್.”

ಅವರ ಹೆಬ್ಬೆರಳಿಗೆ ಕೊರೆದ ಗೆರೆಗಳು ಸಿಕ್ಕವು. ಅದು ಅಲ್ಲೇ ನಿಂತಿತು. ನಿಧಾನವಾಗಿ ಒಂದು ಅಕ್ಷರ, ಇನ್ನೊಂದು. ಬಲದಿಂದ ಎಡಕ್ಕೆ ಹೋಗುತ್ತಿದ್ದರು, ಆ ಕುಡಿಕೆಗಳ ಮೇಲೆ ಇದ್ದಂತೆ.

“ಹಂಗಲ್ಲ, ಅಂಗಡಿಯಾಂವ ಎಡದಿಂದ ಬರದಾನ,” ಎಂದೆ.

“ಶ್ಶ್. ಸೈಲೆನ್ಸ್,” ಎಂದರು, ಬೋರ್ಡಿಂಗಿನಲ್ಲಿ ಅನ್ನುತ್ತಿದ್ದಂತೆಯೇ, ಮುಖ ಎತ್ತದೆ.

ವ್ಯಾನ್ ಹೊರಟಿತು. ನಾನು ಕೈ ಎತ್ತಿ ಬೀಸಿದೆ, ಗಲ್ಲಿಯ ತಿರುವಿನವರೆಗೂ. ಅವರು ನೋಡಲಿಲ್ಲ. ತಲೆ ತಗ್ಗಿಸಿ ಮಡಿಲಲ್ಲಿ ತಂಬಿಗೆಯನ್ನು ಮೆಲ್ಲಗೆ ತಿರುಗಿಸುತ್ತಿದ್ದರು, ತುಟಿ ಅಲುಗುತ್ತಿತ್ತು.